ಪಕ್ಷ ವಿಲೀನವಾದರೆ ಸದಸ್ಯನೂ ವಿಲೀನವಾಗಬೇಕಾ?

ಪ್ರಶ್ನೆ: ನಾನು ಕಾರ್ಕಳ ತಾಲೂಕಿನವ. ಒಂಬತ್ತು ವರ್ಷದಿಂದ ಒಂದು ಸಣ್ಣ ಪ್ರಾದೇಶಿಕ ಪಕ್ಷದ ಸದಸ್ಯ. ಎರಡು ಚುನಾವಣೆಯಲ್ಲಿ ಬೂತ್‌ನಲ್ಲಿ ಕೂತಿದ್ದೇನೆ. ಕಳೆದ ತಿಂಗಳು ನಮ್ಮ ರಾಜ್ಯ ಅಧ್ಯಕ್ಷರು ಬೆಂಗಳೂರಿನಲ್ಲಿ ಪತ್ರಿಕಾಗೋಷ್ಠಿ ಕರೆದು, ಪಕ್ಷವನ್ನು ಇನ್ನೊಂದು ದೊಡ್ಡ ಪಕ್ಷದಲ್ಲಿ ವಿಲೀನ ಮಾಡಿದ್ದೇವೆ ಅಂದರು. ನಮಗೆ ಗೊತ್ತಾದದ್ದು ವಾಟ್ಸಾಪ್‌ನಲ್ಲಿ. ನಾಲ್ಕು ದಿನ ಬಿಟ್ಟು ಆ ದೊಡ್ಡ ಪಕ್ಷದಿಂದ ನನ್ನ ಮೊಬೈಲಿಗೆ ‘ನಮ್ಮ ಕುಟುಂಬಕ್ಕೆ ಸ್ವಾಗತ’ ಅಂತ ಮೆಸೇಜ್ ಬಂತು. ನಾನು ಯಾವ ಅರ್ಜಿಗೂ ಸಹಿ ಹಾಕಿಲ್ಲ. ಹೀಗೆ ಮಾಡಬಹುದಾ? ವಿಲೀನಕ್ಕೆ ಪ್ರತಿಯೊಬ್ಬ ಸದಸ್ಯನ ಒಪ್ಪಿಗೆ ಬೇಕು ಅಂತ ಕಾನೂನು ಬರಬೇಡ್ವಾ? — ಓದುಗರೊಬ್ಬರು, ಕಾರ್ಕಳ

ಉತ್ತರ: ನೀವು ಕೇಳಿದ್ದು ಒಂದು ಪ್ರಶ್ನೆ. ಅದರ ಒಳಗೆ ಇರುವುದು ಎರಡು. ಪಕ್ಷ ಮುಂದುವರಿಯಬೇಕೋ ಮುಗಿಯಬೇಕೋ ಅಂತ ತೀರ್ಮಾನ ಮಾಡುವವರು ಯಾರು ಅನ್ನುವುದು ಮೊದಲನೆಯದು. ಪಕ್ಷ ಹೋದ ಕಡೆ ನೀವೂ ಹೋದ ಹಾಗೆ ಆಯಿತಾ ಅನ್ನುವುದು ಎರಡನೆಯದು. ಮಂಗಳೂರಿನ ಕೋರ್ಟಿನಲ್ಲಿ ಚುನಾವಣೆಯ ತಕರಾರುಗಳನ್ನು ವರ್ಷಗಟ್ಟಲೆ ನೋಡಿದವನಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೊದಲನೆಯದಕ್ಕೆ ಪ್ರತಿಯೊಬ್ಬರ ಒಪ್ಪಿಗೆ ಬೇಡ, ಬಹುಮತ ಸಾಕು. ಆದರೆ ಆ ಬಹುಮತ ಸದಸ್ಯರದ್ದಾಗಿರಬೇಕು, ನಾಲ್ಕು ಪದಾಧಿಕಾರಿಗಳದ್ದಲ್ಲ. ಎರಡನೆಯದಕ್ಕೆ ನಿಮ್ಮೊಬ್ಬರ ಒಪ್ಪಿಗೆಯೇ ಬೇಕು. ನಿಮ್ಮ ಬದಲಿಗೆ ಅದನ್ನು ರಾಜ್ಯ ಅಧ್ಯಕ್ಷರೂ ಕೊಡುವ ಹಾಗಿಲ್ಲ, ಒಂದು ಲಕ್ಷ ಜನ ಸೇರಿದರೂ ಕೊಡುವ ಹಾಗಿಲ್ಲ.

ಈಗಿನ ಕಾನೂನಿನಲ್ಲಿ ಏನಿದೆ ಅಂತ ನೋಡಿದರೆ ಬೇಜಾರಾಗುತ್ತದೆ. ಪಕ್ಷಗಳ ನೋಂದಣಿ ಆಗುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಸೆಕ್ಷನ್ ಅಡಿಯಲ್ಲಿ. ಪಕ್ಷದ ಹೆಸರು, ಕೇಂದ್ರ ಕಚೇರಿ, ಪದಾಧಿಕಾರಿಗಳು ಅಥವಾ ಬೇರೆ ಮುಖ್ಯ ವಿಷಯ ಏನಾದರೂ ಬದಲಾದರೆ ತಡಮಾಡದೆ ಚುನಾವಣಾ ಆಯೋಗಕ್ಕೆ ತಿಳಿಸಬೇಕು ಅಂತ ಅದರಲ್ಲಿದೆ. ಸದಸ್ಯರಿಗೆ ತಿಳಿಸಬೇಕು ಅನ್ನುವ ಮಾತು ಇಲ್ಲ. 1968ರ ಚುನಾವಣಾ ಚಿಹ್ನೆಗಳ ಆದೇಶದ 16ನೇ ಪ್ಯಾರಾ ಸ್ವಲ್ಪ ಮುಂದೆ ಹೋಗುತ್ತದೆ. ಮಾನ್ಯತೆ ಇರುವ ಪಕ್ಷವೊಂದು ಬೇರೆ ಪಕ್ಷದ ಜೊತೆ ಸೇರಿ ಹೊಸ ಪಕ್ಷ ಆದಾಗ, ಆ ಹೊಸ ಪಕ್ಷಕ್ಕೆ ಮಾನ್ಯತೆ, ಚಿಹ್ನೆ ಕೊಡುವ ಮೊದಲು ಆಯೋಗ ಅದರ ಪ್ರತಿನಿಧಿಗಳ ಮಾತು ಕೇಳಬೇಕು. ಅಹವಾಲು ಹೇಳಿಕೊಳ್ಳಲು ಬಯಸುವ ಬೇರೆಯವರ ಮಾತನ್ನೂ ಕೇಳಬೇಕು. ಆದರೆ ನಿಮ್ಮದರ ಹಾಗೆ ಸಣ್ಣ ಪಕ್ಷವೊಂದು ದೊಡ್ಡದರ ಹೊಟ್ಟೆಗೆ ಹೋದಾಗ ಏನು ಮಾಡಬೇಕು ಅಂತ ಅಲ್ಲಿ ಬಿಡಿಸಿ ಬರೆದಿಲ್ಲ. ಉಳಿದದ್ದೆಲ್ಲ ಆಯಾ ಪಕ್ಷದ ನಿಯಮಾವಳಿಗೆ ಬಿಟ್ಟದ್ದು.

ಈಗ ಶಾಸಕರ ವಿಷಯ ನೋಡಿ. ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಪಕ್ಷಾಂತರ ನಿಷೇಧ ಕಾಯ್ದೆ ಅಂತ ನಾವು ಕರೆಯುವುದು ಸಂವಿಧಾನದ ಹತ್ತನೇ ಶೆಡ್ಯೂಲನ್ನು. 1985ರಲ್ಲಿ 52ನೇ ತಿದ್ದುಪಡಿಯಿಂದ ಬಂತು. ಮೊದಲು ಮೂರನೇ ಒಂದು ಭಾಗ ಶಾಸಕರು ಸಿಡಿದು ಹೋದರೂ ಸೀಟು ಉಳಿಯುತ್ತಿತ್ತು. 2003ರ 91ನೇ ತಿದ್ದುಪಡಿಯಲ್ಲಿ ಆ ದಾರಿ ಮುಚ್ಚಿತು. ವಿಲೀನದ ದಾರಿ ಮಾತ್ರ ಉಳಿಯಿತು. ಅದು ನಾಲ್ಕನೇ ಪ್ಯಾರಾ. ಮೂಲ ಪಕ್ಷ ಬೇರೆ ಪಕ್ಷದಲ್ಲಿ ವಿಲೀನವಾದಾಗ ಹೊಸ ಪಕ್ಷಕ್ಕೆ ಹೋದ ಶಾಸಕನ ಸೀಟು ಹೋಗುವುದಿಲ್ಲ. ‘ನಾನು ವಿಲೀನ ಒಪ್ಪುವುದಿಲ್ಲ’ ಅಂತ ಬೇರೆ ಗುಂಪಾಗಿ ಕೂತ ಶಾಸಕನ ಸೀಟೂ ಹೋಗುವುದಿಲ್ಲ. ಇದನ್ನು ಎರಡು ಸಲ ಓದಿ. ಹೋಗುತ್ತೇನೆ ಅನ್ನಲೂ ಶಾಸಕನಿಗೆ ಹಕ್ಕಿದೆ, ಬರುವುದಿಲ್ಲ ಅನ್ನಲೂ ಹಕ್ಕಿದೆ. ಒಬ್ಬೊಬ್ಬನಿಗೂ ಪ್ರತ್ಯೇಕ ಆಯ್ಕೆ. ಅಂದರೆ ನೀವು ಕೇಳುತ್ತಿರುವ ವೈಯಕ್ತಿಕ ಒಪ್ಪಿಗೆ ನಮ್ಮ ಸಂವಿಧಾನಕ್ಕೆ ಹೊಸದಲ್ಲ. ಅದನ್ನು ಗೆದ್ದವನಿಗೆ ಕೊಟ್ಟಿದ್ದಾರೆ. ಅವನನ್ನು ಗೆಲ್ಲಿಸಲು ಮನೆಮನೆ ತಿರುಗಿದವನಿಗೆ ಕೊಟ್ಟಿಲ್ಲ.

ಆ ನಾಲ್ಕನೇ ಪ್ಯಾರಾದಲ್ಲಿ ಇನ್ನೊಂದು ಗಂಟು ಇದೆ. ಶಾಸಕಾಂಗ ಪಕ್ಷದ, ಅಂದರೆ ಸದನದಲ್ಲಿರುವ ಆ ಪಕ್ಷದ ಶಾಸಕರ ಗುಂಪಿನ, ಮೂರನೇ ಎರಡು ಭಾಗದಷ್ಟು ಜನ ಒಪ್ಪಿದರೆ ವಿಲೀನ ಆಗಿದೆ ಅಂತ ಭಾವಿಸಬೇಕು ಅನ್ನುತ್ತದೆ ಅದರ ಎರಡನೇ ಭಾಗ. ಹಾಗಾದರೆ ಮೂಲ ಪಕ್ಷ ಎಲ್ಲೂ ವಿಲೀನ ಆಗದೆ, ಬರೀ ಶಾಸಕರು ಹೋದರೂ ವಿಲೀನವಾ? ನಮ್ಮ ಪಕ್ಕದ ಗೋವಾದಲ್ಲೇ ಇದು ನಡೆಯಿತು. 2019ರ ಜುಲೈಯಲ್ಲಿ ಅಲ್ಲಿನ 15 ಕಾಂಗ್ರೆಸ್ ಶಾಸಕರಲ್ಲಿ 10 ಮಂದಿ ಬಿಜೆಪಿ ಸೇರಿದರು. ಕಾಂಗ್ರೆಸ್ ಪಕ್ಷ ಇದ್ದಲ್ಲೇ ಇತ್ತು. ಆದರೂ 2022ರ ಫೆಬ್ರವರಿಯಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಅವರ ಸೀಟು ಹೋಗುವುದಿಲ್ಲ ಅಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೊಸ ವಿಧಾನಸಭೆಯ 11 ಕಾಂಗ್ರೆಸ್ ಶಾಸಕರಲ್ಲಿ 8 ಮಂದಿ ಹಾಗೇ ಹೋದರು. ರಾಜಸ್ಥಾನದಲ್ಲಿ 2019ರಲ್ಲಿ ಬಿಎಸ್‌ಪಿಯ ಆರಕ್ಕೆ ಆರೂ ಶಾಸಕರು ಕಾಂಗ್ರೆಸ್ಸಿಗೆ ಹೋದರು, ತೆಲಂಗಾಣದಲ್ಲಿ ಅದೇ ವರ್ಷ 18 ಕಾಂಗ್ರೆಸ್ ಶಾಸಕರಲ್ಲಿ 12 ಮಂದಿ ಟಿಆರ್‌ಎಸ್‌ಗೆ ಹೋದರು. ಇದು ಒಂದು ಪಕ್ಷದ ದೋಷ ಅಲ್ಲ. ಎಲ್ಲರೂ ಪಡೆದಿದ್ದಾರೆ, ಎಲ್ಲರೂ ಕಳಕೊಂಡಿದ್ದಾರೆ. ಶಿವಸೇನೆಯ ಪ್ರಕರಣದಲ್ಲಿ 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರಾಜಕೀಯ ಪಕ್ಷ ಬೇರೆ, ಶಾಸಕಾಂಗ ಪಕ್ಷ ಬೇರೆ, ವಿಪ್ (ಸದನದಲ್ಲಿ ಹೇಗೆ ಮತ ಹಾಕಬೇಕು ಅಂತ ಶಾಸಕರಿಗೆ ಸೂಚಿಸುವವರು) ನೇಮಿಸುವುದು ರಾಜಕೀಯ ಪಕ್ಷ ಅಂತ ಹೇಳಿತು. ನನಗೆ ಆ ಮಾತು ತುಂಬ ಮುಖ್ಯ ಅನ್ನಿಸುತ್ತದೆ. ಪಕ್ಷ ಅಂದರೆ ವಿಧಾನಸಭೆಯಲ್ಲಿ ಕೂತವರು ಮಾತ್ರ ಅಲ್ಲ ಅಂತಾದರೆ ಮತ್ತೆ ಯಾರು? ನೀವೇ ಅಲ್ವಾ?

ಕರಾವಳಿಯವರಿಗೆ ವಿಲೀನ ಅನ್ನುವ ಶಬ್ದ ಕೇಳಿದರೆ ಮೊದಲು ನೆನಪಾಗುವುದು ಬ್ಯಾಂಕುಗಳು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾಕ್ಕೆ ಹೋಯಿತು. ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಯೂನಿಯನ್ ಬ್ಯಾಂಕಿಗೆ ಹೋಯಿತು. ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ ಸೇರಿತು. ಊರಿನ ಹಿರಿಯರು ಹಳೇ ಪಾಸ್‌ಬುಕ್ ಹಿಡಿದು, ನಮ್ಮನ್ನು ಒಂದು ಮಾತು ಕೇಳಲಿಲ್ಲ ಅಂತ ಬೇಸರ ಮಾಡಿಕೊಂಡದ್ದು ನನಗೆ ನೆನಪಿದೆ. ಆ ಬೇಸರ ನ್ಯಾಯವೇ. ಆದರೂ ಅಲ್ಲಿ ಲೆಕ್ಕ ಇತ್ತು. ಸಿಂಡಿಕೇಟ್ ಬ್ಯಾಂಕಿನ 1000 ಷೇರಿಗೆ ಕೆನರಾ ಬ್ಯಾಂಕಿನ 158 ಷೇರು ಕೊಟ್ಟರು. ಖಾತೆಯಲ್ಲಿದ್ದ ಹಣ ಅಷ್ಟೇ ಉಳಿಯಿತು. ಐಎಫ್‌ಎಸ್‌ಸಿ ಕೋಡ್ ಬದಲಾಯಿತು, ಅಷ್ಟೇ. ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾಕಬಹುದು. ನಂಬಿಕೆಯನ್ನು ಹಾಗೆ ವರ್ಗಾವಣೆ ಮಾಡಲು ಬರುತ್ತದಾ? ನೀವು ಪಕ್ಷಕ್ಕೆ ಸೇರಿದ್ದು ಒಂದು ವಿಚಾರ ಒಪ್ಪಿ.

ಅದಕ್ಕಿಂತ ಹತ್ತಿರದ ಉದಾಹರಣೆ ನಿಮ್ಮೂರಿನ ಸೊಸೈಟಿ. ಎರಡು ಸಹಕಾರಿ ಸಂಘ ಒಂದಾಗಬೇಕಾದರೆ ಅಧ್ಯಕ್ಷರು ಪೇಪರಿನವರ ಮುಂದೆ ಘೋಷಿಸಿದರೆ ಆಗುವುದಿಲ್ಲ. ಅದಕ್ಕೆ ಅಂತಲೇ ಮಹಾಸಭೆ ಕರೆಯಬೇಕು. ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು. ಒಪ್ಪದ ಸದಸ್ಯನಿಗೆ ತನ್ನ ಷೇರು ಹಣ ವಾಪಸ್ ಪಡೆದು ಹೊರಗೆ ಬರುವ ಅವಕಾಶ ಕೊಡಬೇಕು. ನೂರು ರೂಪಾಯಿ ಷೇರು ಇಟ್ಟವನಿಗೆ ಇಷ್ಟು ಮರ್ಯಾದೆ ಉಂಟು. ದೇಶ ಆಳಲು ಹೊರಟ ಸಂಘಟನೆಯ ಸದಸ್ಯನಿಗೆ ಇಲ್ಲ. ಹಾಲಿನ ಸೊಸೈಟಿಯ ಮಹಾಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿ ಅಭ್ಯಾಸ ಇರುವ ನಮ್ಮ ಜಿಲ್ಲೆಯ ಜನ ಪಕ್ಷದ ವಿಷಯಕ್ಕೆ ಬಂದಾಗ ಯಾಕೆ ಸುಮ್ನೆ ಇರುತ್ತಾರೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಇಲ್ಲಿ ನನ್ನ ದೊಡ್ಡಪ್ಪನ ವಿಷಯ ಹೇಳಲೇಬೇಕು. ಅವರಿಗೆ ಉಡುಪಿಯಲ್ಲಿ ಸಣ್ಣ ಅಂಗಡಿ ಇತ್ತು. ಜನಸಂಘದವರು. 1968ರಲ್ಲಿ ಉಡುಪಿ ಪುರಸಭೆ ಜನಸಂಘದ ಕೈಗೆ ಬಂದಾಗ ಹಗಲು ರಾತ್ರಿ ಓಡಾಡಿದವರು. ಅಂಗಡಿ ಪಕ್ಕದ ಗೋಡೆಯಲ್ಲಿ ಪಕ್ಷದ ಚಿಹ್ನೆ, ದೀಪ, ದೊಡ್ಡದಾಗಿ ಬರೆಸಿದ್ದರು. 1977ರ ಜನವರಿ 18ಕ್ಕೆ ಚುನಾವಣೆ ಘೋಷಣೆ ಆಯಿತು. ಜನಸಂಘ, ಸಂಸ್ಥಾ ಕಾಂಗ್ರೆಸ್, ಭಾರತೀಯ ಲೋಕದಳ, ಸೋಷಲಿಸ್ಟ್ ಪಕ್ಷ ಸೇರಿ ಜನತಾ ಪಕ್ಷ ಅಂತ ಒಂದೇ ಚಿಹ್ನೆಯಲ್ಲಿ ನಿಲ್ಲುವುದು ಅಂತಾಯಿತು. ಚಿಹ್ನೆ ಲೋಕದಳದ್ದು, ಚಕ್ರದೊಳಗೆ ನೇಗಿಲು ಹೊತ್ತ ರೈತ. ದೊಡ್ಡಪ್ಪ ತಾವೇ ಸುಣ್ಣದ ಬಾಲ್ದಿ ಹಿಡಿದು ಏಣಿ ಹತ್ತಿ ದೀಪದ ಮೇಲೆ ಬಳಿದರು. ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ. ಒಂದೇ ಕೋಟು ಸುಣ್ಣ. ಆ ವರ್ಷದ ಮಳೆ ಮುಗಿಯುವಾಗ ರೈತನ ಹಿಂದೆ ದೀಪ ಮಸುಕು ಮಸುಕಾಗಿ ಮತ್ತೆ ಕಾಣಿಸಿತು. ‘ಕೇಳಿದ್ದರೆ ಹೌದು ಅಂತಲೇ ಹೇಳುತ್ತಿದ್ದೆ ಮಗ. ಕೇಳಲಿಲ್ಲ ಅಲ್ವಾ’ ಅಂದರು. ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ಮೂರು ವರ್ಷದಲ್ಲಿ ದ್ವಿಸದಸ್ಯತ್ವದ ಜಗಳ, ಅಂದರೆ ಜನತಾ ಪಕ್ಷದಲ್ಲೂ ಆರೆಸ್ಸೆಸ್‌ನಲ್ಲೂ ಒಟ್ಟಿಗೆ ಇರಬಹುದಾ ಅನ್ನುವ ಜಗಳ, ಆಗಿ 1980ರ ಏಪ್ರಿಲ್‌ನಲ್ಲಿ ಬಿಜೆಪಿ ಹುಟ್ಟಿತು. ಗೋಡೆಗೆ ಮತ್ತೆ ಸುಣ್ಣ ಬಿತ್ತು.

ಆಗ ಸದಸ್ಯರನ್ನು ಕೇಳಲು ಸಮಯ ಎಲ್ಲಿತ್ತು ಅಂತ ನೀವು ಕೇಳಬಹುದು. ತುರ್ತುಪರಿಸ್ಥಿತಿ, ನಾಯಕರು ಜೈಲಿನಿಂದ ಆಗಷ್ಟೇ ಹೊರಗೆ ಬಂದದ್ದು, ಮಾರ್ಚ್‌ನಲ್ಲಿ ಮತದಾನ. ನಿಜ, ಸಮಯ ಇರಲಿಲ್ಲ. ಆದರೆ ತಾರೀಕು ನೋಡಿ. ಒಂದೇ ಚಿಹ್ನೆಯಲ್ಲಿ ನಿಂತದ್ದು ಮಾರ್ಚ್. ಪಕ್ಷಗಳು ವಿಧಿವತ್ತಾಗಿ ವಿಲೀನವಾದದ್ದು ಮೇ 1. ಅಂದರೆ ಚುನಾವಣೆಗೆ ವಿಲೀನ ಬೇಕೇ ಆಗಿರಲಿಲ್ಲ, ಹೊಂದಾಣಿಕೆ ಸಾಕಾಗಿತ್ತು. ನಮ್ಮ ಯಕ್ಷಗಾನದಲ್ಲಿ ಕೂಡಾಟ ಅಂತ ಇದೆ. ಎರಡು ಮೇಳದ ಕಲಾವಿದರು ಒಂದೇ ರಂಗಸ್ಥಳದಲ್ಲಿ ರಾತ್ರಿ ಇಡೀ ಆಡುತ್ತಾರೆ, ಬೆಳಗಾದ ಮೇಲೆ ಅವರವರ ಮೇಳಕ್ಕೆ ಹೋಗುತ್ತಾರೆ. ಮೈತ್ರಿ ಅಂದರೆ ಕೂಡಾಟ. ಅದನ್ನು ನಾಯಕರು ಕೂತು ಒಂದು ವಾರದಲ್ಲಿ ತೀರ್ಮಾನಿಸಲಿ, ನನ್ನ ತಕರಾರಿಲ್ಲ. ಮೇಳವನ್ನೇ ಮುಚ್ಚುವುದು ಬೇರೆ. ಅದಕ್ಕೆ ಅವಸರ ಇರುವುದಿಲ್ಲ. ಅವಸರ ಅಂತ ಹೇಳಿದವರನ್ನು ನಾನು ನಂಬುವುದಿಲ್ಲ.

ಮಂಗಳೂರಿನಲ್ಲೇ ಹುಟ್ಟಿದ ಜಾರ್ಜ್ ಫರ್ನಾಂಡಿಸರ ರಾಜಕೀಯ ಬದುಕಂತೂ ವಿಲೀನ ಮತ್ತು ಒಡಕುಗಳ ಪಟ್ಟಿಯೇ. ಸೋಷಲಿಸ್ಟ್ ಪಕ್ಷ, ಜನತಾ ಪಕ್ಷ, ಜನತಾ ದಳ, 1994ರಲ್ಲಿ ಸಮತಾ ಪಕ್ಷ, 2003ರಲ್ಲಿ ಅದು ಜೆಡಿಯುನಲ್ಲಿ ವಿಲೀನ. ಆ ಕೊನೆಯ ವಿಲೀನವನ್ನು ಸಮತಾ ಪಕ್ಷದ ಒಂದು ಗುಂಪು ಒಪ್ಪಲೇ ಇಲ್ಲ. ಹೆಸರು ಉಳಿಸಿಕೊಂಡು ನಡೆಸಿಕೊಂಡು ಬಂತು. 2022ರ ಅಕ್ಟೋಬರಿನಲ್ಲಿ ಉದ್ಧವ್ ಠಾಕ್ರೆ ಬಣಕ್ಕೆ ಚುನಾವಣಾ ಆಯೋಗ ಉರಿಯುವ ಪಂಜಿನ ಚಿಹ್ನೆ ಕೊಟ್ಟಾಗ, ಅದು ನಮ್ಮ ಚಿಹ್ನೆ ಅಂತ ದೆಹಲಿ ಹೈಕೋರ್ಟಿಗೆ ಹೋದದ್ದು ಇದೇ ಸಮತಾ ಪಕ್ಷ. ಅರ್ಜಿ ವಜಾ ಆಯಿತು. ಹತ್ತೊಂಬತ್ತು ವರ್ಷ ಕಳೆದರೂ ‘ನಾವು ಒಪ್ಪಿರಲಿಲ್ಲ’ ಅನ್ನುವವರು ಇದ್ದರು ಅನ್ನುವುದು ನನ್ನ ಮನಸ್ಸಿಗೆ ನಾಟಿತು.

ಹಾಗಾದರೆ ಪ್ರತಿಯೊಬ್ಬರ ಸಹಿ ಬೇಕು ಅಂತ ಯಾಕೆ ಕಾನೂನು ಮಾಡಬಾರದು? ಇದನ್ನು ಕೆನಡಾದಲ್ಲಿ ಕೋರ್ಟಿನಲ್ಲೇ ಕೇಳಿದ್ದಾರೆ. 2003ರಲ್ಲಿ ಅಲ್ಲಿನ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷ ಮತ್ತು ಕೆನಡಿಯನ್ ಅಲಯನ್ಸ್ ಸೇರಿ ಈಗಿನ ಕನ್ಸರ್ವೇಟಿವ್ ಪಕ್ಷ ಆಯಿತು. ನಾಯಕರು ಅಕ್ಟೋಬರಿನಲ್ಲಿ ಒಪ್ಪಂದ ಮಾಡಿಕೊಂಡರು, ಡಿಸೆಂಬರ್ 5 ಮತ್ತು 6ರಂದು ಮತದಾನದ ಫಲಿತಾಂಶ ಬಂತು. ಅಲಯನ್ಸ್ ಸದಸ್ಯರಲ್ಲಿ ಶೇ 95.9, ಇನ್ನೊಂದು ಪಕ್ಷದ ಪ್ರತಿನಿಧಿಗಳಲ್ಲಿ ಶೇ 90.4 ಮಂದಿ ಒಪ್ಪಿದರು. ಒಪ್ಪದ ಕೆಲವರು ಒಂಟಾರಿಯೋದ ಕೋರ್ಟಿಗೆ ಹೋಗಿ, ಇದು ಸದಸ್ಯರ ನಡುವಿನ ಕರಾರು, ಎಲ್ಲರೂ ಒಪ್ಪದೆ ಪಕ್ಷದ ಆಸ್ತಿಯನ್ನು ಇನ್ನೊಂದಕ್ಕೆ ಕೊಡುವ ಹಾಗಿಲ್ಲ ಅಂತ ವಾದಿಸಿದರು. ಕೋರ್ಟ್ ಒಪ್ಪಲಿಲ್ಲ, ಮೇಲ್ಮನವಿಯಲ್ಲೂ ಅವರು ಗೆಲ್ಲಲಿಲ್ಲ. ನನಗೆ ಆ ತೀರ್ಪು ಸರಿ ಅನ್ನಿಸುತ್ತದೆ. ಎಲ್ಲರೂ ಒಪ್ಪಬೇಕು ಅಂದರೆ ಒಬ್ಬನ ಕೈಗೆ ಬೀಗದ ಕೈ ಕೊಟ್ಟ ಹಾಗೆ. ಎದುರು ಪಕ್ಷದವರು ಹತ್ತು ಜನರನ್ನು ಸದಸ್ಯರಾಗಿ ಒಳಗೆ ಕಳಿಸಿದರೆ ಸಾಕು, ಆ ಪಕ್ಷ ಯಾವತ್ತೂ ಏನೂ ತೀರ್ಮಾನ ಮಾಡುವ ಹಾಗಿಲ್ಲ.

ನನಗೆ ಮೆಚ್ಚುಗೆ ಆದದ್ದು ಜರ್ಮನಿಯ ದಾರಿ. ಅಲ್ಲಿ 1967ರಿಂದ ಪಕ್ಷಗಳಿಗೇ ಒಂದು ಕಾಯ್ದೆ ಇದೆ. ವಿಲೀನ ಅಥವಾ ವಿಸರ್ಜನೆಗೆ ಪಕ್ಷದ ಮಹಾಧಿವೇಶನ ನಿರ್ಣಯ ಮಾಡಿದ ಮೇಲೆ ಸದಸ್ಯರ ಮತದಾನ ಹೇಗೆ ನಡೆಯಬೇಕು ಅಂತ ಪ್ರತಿ ಪಕ್ಷವೂ ತನ್ನ ನಿಯಮಾವಳಿಯಲ್ಲಿ ಬರೆಯಲೇಬೇಕು. 2007ರಲ್ಲಿ ಎರಡು ಪಕ್ಷ ಸೇರಿ ಲೆಫ್ಟ್ ಪಾರ್ಟಿ ಆದಾಗ ಎರಡರ ಸದಸ್ಯರೂ ಮತ ಹಾಕಿಯೇ ಆದದ್ದು. ನಾಯಕರು ಪ್ರಸ್ತಾಪ ಮಾಡುತ್ತಾರೆ, ಸದಸ್ಯರು ಮುದ್ರೆ ಒತ್ತುತ್ತಾರೆ. ಇದರಲ್ಲಿ ಅಸಾಧ್ಯವಾದದ್ದು ಏನೂ ಇಲ್ಲ.

ನಮ್ಮಲ್ಲಿ ಇರುವ ದೊಡ್ಡ ಅಡ್ಡಿ ಸದಸ್ಯರ ಪಟ್ಟಿ. ಮಿಸ್ಡ್ ಕಾಲ್ ಕೊಟ್ಟವನೂ ಸದಸ್ಯ, ಮದುವೆ ಮನೆಯಲ್ಲಿ ಯಾರೋ ಹೆಸರು ಬರೆದುಕೊಂಡವನೂ ಸದಸ್ಯ. ಮತದಾನ ಅಂದ ಕೂಡಲೇ ರಾತ್ರೋರಾತ್ರಿ ಪಟ್ಟಿ ಉಬ್ಬುತ್ತದೆ. ಆದ್ದರಿಂದ ವಿಲೀನದ ಪ್ರಸ್ತಾಪ ಬರುವ ಕನಿಷ್ಠ ಒಂದು ವರ್ಷ ಮೊದಲು ಚಂದಾ ಕಟ್ಟಿ ರಸೀದಿ ಪಡೆದವರಿಗೆ ಮಾತ್ರ ಮತ ಇರಬೇಕು. ವಿಲೀನದ ಒಪ್ಪಂದ ಕನ್ನಡದಲ್ಲಿ, ಪೂರ್ತಿಯಾಗಿ, ಒಂದು ತಿಂಗಳು ಮುಂಚೆ ಸದಸ್ಯರ ಕೈ ಸೇರಬೇಕು. ತಾಲೂಕು ಮಟ್ಟದಲ್ಲಿ ಗುಪ್ತ ಮತದಾನ ಆಗಬೇಕು. ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಒಪ್ಪಿದರೆ ವಿಲೀನ. ಇಷ್ಟು ಆಗದೆ ಬರೀ ಶಾಸಕರು ಹೋದರೆ ಅದನ್ನು ಹತ್ತನೇ ಶೆಡ್ಯೂಲಿನ ವಿಲೀನ ಅಂತ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಪಕ್ಷದೊಳಗಿನ ಪ್ರಜಾಪ್ರಭುತ್ವಕ್ಕೆ ಕಾನೂನು ಬೇಕು ಅಂತ ಕಾನೂನು ಆಯೋಗ 1999ರ 170ನೇ ವರದಿಯಲ್ಲೇ ಹೇಳಿದೆ, 2015ರ 255ನೇ ವರದಿಯಲ್ಲಿ ಮತ್ತೆ ಹೇಳಿದೆ. ಸಂಸತ್ತು ಕೈ ಹಾಕಿಲ್ಲ.

ಇನ್ನು ನಿಮಗೆ ಬಂದ ‘ಸ್ವಾಗತ’ ಮೆಸೇಜ್. ಸಂವಿಧಾನದ 19(1)(ಸಿ) ಸಂಘ ಕಟ್ಟುವ ಹಕ್ಕು ಕೊಡುತ್ತದೆ. 1971ರಲ್ಲಿ ಹಿಂದಿ ಸಾಹಿತ್ಯ ಸಮ್ಮೇಳನ ಅನ್ನುವ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯಾರ ಜೊತೆ ಸೇರಿ ಸಂಘ ಕಟ್ಟಿದೆವೋ ಅವರ ಜೊತೆ ಮುಂದುವರಿಯುವುದೂ ಆ ಹಕ್ಕಿನಲ್ಲಿ ಬರುತ್ತದೆ ಅಂದಿತು. ಬೇರೆಯವರನ್ನು ಒಳಗೆ ತುರುಕಿದ ಕಾಯ್ದೆಯನ್ನು ರದ್ದು ಮಾಡಿತು. ಅದು ಸರ್ಕಾರ ಮಾಡಿದ ಕಾಯ್ದೆಯ ವಿರುದ್ಧದ ತೀರ್ಪು. ಪಕ್ಷ ತಾನೇ ಮಾಡಿಕೊಂಡ ತೀರ್ಮಾನಕ್ಕೆ ನೇರವಾಗಿ ಅನ್ವಯಿಸುವುದಿಲ್ಲ. ಅದನ್ನು ಹಿಡಿದು ಕೋರ್ಟಿಗೆ ಓಡಿ ಅಂತ ನಾನು ಹೇಳುವುದಿಲ್ಲ. ಆದರೆ ಅದರ ಹಿಂದಿನ ವಿಚಾರ ಇಲ್ಲಿಗೂ ಹೊಂದುತ್ತದೆ. ಅದಲ್ಲದೆ ದೊಡ್ಡ ಪಕ್ಷಗಳ ನಿಯಮಾವಳಿಯಲ್ಲಿ ಸದಸ್ಯನಾಗುವವನು ತಾನೇ ಘೋಷಣೆಗೆ ಒಪ್ಪಿ ಅರ್ಜಿ ಕೊಡಬೇಕು ಅಂತ ಸಾಮಾನ್ಯವಾಗಿ ಇರುತ್ತದೆ. ಹಾಗೆ ಇದ್ದರೆ, ನೀವು ಅರ್ಜಿ ಕೊಡದೆ ಅವರ ನಿಯಮದ ಪ್ರಕಾರವೇ ನೀವು ಅವರ ಸದಸ್ಯ ಅಲ್ಲ. ನಿಮ್ಮ ನಂಬರ್ ಅವರಿಗೆ ಸಿಕ್ಕಿದ್ದು ಹೇಗೆ ಅನ್ನುವುದೂ ಸಣ್ಣ ವಿಷಯ ಅಲ್ಲ. ನೀವು ನಂಬರ್ ಕೊಟ್ಟದ್ದು ಹಳೇ ಪಕ್ಷಕ್ಕೆ, ಅದರ ಕೆಲಸಕ್ಕೆ. ಕೊಟ್ಟ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಲು ಹೊಸ ಒಪ್ಪಿಗೆ ಬೇಕು ಅನ್ನುವುದೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು.

ಈಗ ನೀವು ಮಾಡಬೇಕಾದದ್ದು. ಮೊದಲು ನಿಮ್ಮ ಹಳೇ ಪಕ್ಷದ ನಿಯಮಾವಳಿ ತೆಗೆಸಿ. ಜಿಲ್ಲಾ ಕಚೇರಿಯಲ್ಲಿ ಕೊಡದಿದ್ದರೆ ಚುನಾವಣಾ ಆಯೋಗಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನೋಂದಣಿಗೆ ಕೊಟ್ಟ ಪ್ರತಿ ಆಯೋಗದ ಹತ್ತಿರ ಇರುತ್ತದೆ. ಅದರಲ್ಲಿ ವಿಲೀನ, ವಿಸರ್ಜನೆ, ತಿದ್ದುಪಡಿ ಈ ಮೂರು ಶಬ್ದ ಎಲ್ಲಿ ಬರುತ್ತವೆ ನೋಡಿ. ವಿಲೀನಕ್ಕೆ ಮಹಾಸಭೆ ಬೇಕು ಅಂತ ಬರೆದಿದ್ದು, ಮಹಾಸಭೆ ಕರೆಯದೆ ಘೋಷಿಸಿದ್ದರೆ, ನಿಮ್ಮ ಕೈಯಲ್ಲಿ ಗಟ್ಟಿ ತಕರಾರು ಇದೆ ಅಂತ ಅರ್ಥ. ಸಂಘ ತನ್ನ ನಿಯಮ ತಾನೇ ಮುರಿದಾಗ ಸಿವಿಲ್ ಕೋರ್ಟ್ ಕೇಳುತ್ತದೆ. ಕಾರ್ಯಕಾರಿಣಿಗೇ ಪೂರ್ತಿ ಅಧಿಕಾರ ಕೊಟ್ಟಿದ್ದರೆ, ಬೇಸರ ಮಾಡಬೇಡಿ, ವಿಲೀನವನ್ನು ತಡೆಯುವುದು ಕಷ್ಟ. ಆದರೆ ಆಗಲೂ ನಿಮ್ಮನ್ನು ಹೊಸ ಪಕ್ಷದ ಸದಸ್ಯ ಮಾಡುವ ಅಧಿಕಾರ ಅವರಿಗೆ ಬರುವುದಿಲ್ಲ. ನೀವು ಪುರಸಭೆಗೋ ತಾಲೂಕು ಪಂಚಾಯತಿಗೋ ಆ ಪಕ್ಷದ ಚಿಹ್ನೆಯಲ್ಲಿ ಗೆದ್ದವರಾಗಿದ್ದರೆ ಮಾತ್ರ ಒಂದಕ್ಷರ ಬರೆಯುವ ಮೊದಲು ವಕೀಲರನ್ನು ಕಾಣಿ. ನಮ್ಮ ರಾಜ್ಯದ ಸ್ಥಳೀಯ ಸಂಸ್ಥೆಗಳಿಗೆ 1987ರ ಪಕ್ಷಾಂತರ ನಿಷೇಧ ಕಾಯ್ದೆ ಬೇರೆಯೇ ಇದೆ.

ಹಾಗೇನೂ ಇಲ್ಲದಿದ್ದರೆ ಎರಡೂ ಪಕ್ಷದ ರಾಜ್ಯ ಕಚೇರಿಗೆ ಒಂದು ಪುಟದ ಪತ್ರ ಬರೆಯಿರಿ. ‘ನಾನು ಈ ವಿಲೀನಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಹೊಸ ಪಕ್ಷದ ಸದಸ್ಯತ್ವ ಕೇಳಿಲ್ಲ. ನನ್ನ ಹೆಸರು ಮತ್ತು ಮೊಬೈಲ್ ನಂಬರ್ ನಿಮ್ಮ ಪಟ್ಟಿಯಿಂದ ತೆಗೆಯಿರಿ’ ಅಂತ ಮೂರು ವಾಕ್ಯ ಸಾಕು. ಒಂದು ಪ್ರತಿ ಚುನಾವಣಾ ಆಯೋಗಕ್ಕೂ ಹೋಗಲಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ನಿಮ್ಮ ಬೂತಿನಲ್ಲಿ ಜೊತೆಗೆ ಕೂತವರಿಗೂ ಹೇಳಿ, ಅವರೂ ಅವರವರ ಹೆಸರಿನಲ್ಲಿ ಬರೆಯಲಿ. ಒಂದೇ ಪತ್ರಕ್ಕೆ ಐವತ್ತು ಸಹಿಗಿಂತ ಐವತ್ತು ಪತ್ರ ಬಂದರೆ ಕಚೇರಿಯಲ್ಲಿ ತೆರೆದು ಓದುತ್ತಾರೆ. ಒಂಬತ್ತು ವರ್ಷದ ಹಿಂದೆ ಕೊಟ್ಟ ಸದಸ್ಯತ್ವದ ರಸೀದಿ ಮನೆಯಲ್ಲಿ ಎಲ್ಲಾದರೂ ಇದ್ದರೆ ಹುಡುಕಿ, ಅದರ ಜೆರಾಕ್ಸ್ ಪತ್ರದ ಜೊತೆ ಇಡಿ. ಮೂಲ ಪ್ರತಿ ಯಾರಿಗೂ ಕೊಡಬೇಡಿ.